ಸಮುದ್ರದ ಎಚ್ಚರಿಕೆ ಓದಿ ಮಿಸೈಲ್ ಪರೀಕ್ಷೆಯ ಸುಳಿವು ಹಿಡಿಯೋದು ಹೇಗೆ

ನಮ್ಮ ಕಡೆ ಮಳೆಗಾಲ ಜೋರಾದಾಗ ಒಂದು ಪ್ರಕಟಣೆ ಬರುತ್ತೆ, ಕೆಆರ್‌ಎಸ್‌ಗೆ ಒಳಹರಿವು ಜಾಸ್ತಿ ಆಗಿದೆ, ಯಾವ ಹೊತ್ತಲ್ಲಾದ್ರೂ ನದಿಗೆ ನೀರು ಬಿಡಬಹುದು, ನದಿ ಪಾತ್ರದ ಜನ ದನಕರು ಸಮೇತ ಸುರಕ್ಷಿತ ಜಾಗಕ್ಕೆ ಹೋಗಿ ಅಂತ. ಎಷ್ಟು ಗಂಟೆಗೆ ಎಷ್ಟು ಕ್ಯೂಸೆಕ್ಸ್ ಅಂತ ಅದರಲ್ಲಿ ಖಚಿತವಾಗಿ ಇರಲ್ಲ. ಆದ್ರೂ ಶ್ರೀರಂಗಪಟ್ಟಣದ ಹೊಳೆ ದಂಡೆ ರೈತ ಭಾಗಮಂಡಲದಲ್ಲಿ ಮಳೆ ಹೆಂಗಿದೆ, ಕಟ್ಟೆ 124.80 ಅಡಿಗೆ ಇನ್ನೆಷ್ಟು ಬಾಕಿ, ಹಾರಂಗಿಯಿಂದ ಎಷ್ಟು ಬಿಟ್ಟವ್ರೆ, ರಂಗನತಿಟ್ಟಲ್ಲಿ ಬೋಟಿಂಗ್ ನಿಲ್ಸಿದಾರಾ ಅಂತ ನಾಲ್ಕು ಕಡೆ ವಿಚಾರಿಸಿ, ನಾಳೆ ಬೆಳಿಗ್ಗೆ ಹೊತ್ತಿಗೆ ವೆಲ್ಲೆಸ್ಲಿ ಸೇತುವೆ ಹತ್ರ ನೀರು ಬತ್ತದೆ ಪಂಪ್‌ಸೆಟ್ ಮೇಲಕ್ಕೆ ಎತ್ಕೊಳ್ರಪ್ಪಾ ಅಂತ ಹೇಳ್ತಾನೆ, ಬಹಳ ಸಲ ಅವನು ಹೇಳಿದ್ದೇ ಆಗುತ್ತೆ.

ಸಮುದ್ರದಲ್ಲಿ ಹಡಗುಗಳಿಗೆ ಕೊಡೋ ಅಪಾಯದ ಎಚ್ಚರಿಕೆಗಳನ್ನ ಓದೋದೂ ಇದೇ ಕೆಲಸ. ಇಂಥ ಜಾಗಕ್ಕೆ ಇಂಥ ಹೊತ್ತಲ್ಲಿ ಬರಬೇಡಿ ಅಂತ ಮಾತ್ರ ಅದರಲ್ಲಿ ಇರುತ್ತೆ, ಯಾಕೆ ಅಂತ ಬಹಳ ಸಲ ಇರಲ್ಲ. ಆ ಯಾಕೆ ಅನ್ನೋದನ್ನ ಜಾಗ, ಆಕಾರ, ಉದ್ದ, ಹೊತ್ತು ಇವುಗಳಿಂದ ಎಷ್ಟರ ಮಟ್ಟಿಗೆ ಊಹಿಸಬಹುದು, ಎಲ್ಲಿ ನಿಲ್ಲಿಸ್ಬೇಕು, ಇದನ್ನ ಹೇಳೋಕೆ ಈ ಲೇಖನ. ಮಂಡ್ಯದಿಂದ ಸಮುದ್ರ ದೂರ, ನಾನು ನೇವಿಯವನೂ ಅಲ್ಲ. ನಮ್ಮಕ್ಕನ ಮಗ ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್ ಆಗಿದಾನೆ, ವಿ.ಸಿ. ನಾಲೆಯಲ್ಲಿ ಈಜು ಕಲಿತ ಹುಡುಗ, ರಜಕ್ಕೆ ಬಂದಾಗ ಅವನ ಬ್ಯಾಗಿಂದ ಒಂದು ಪೇಪರ್ ಸುರುಳಿ ಬಿತ್ತು, ಬಸ್ ಟಿಕೆಟ್ ಮೆಷಿನ್ ಪೇಪರ್ ಥರ ತೆಳ್ಳಗೆ, ಅದರ ತುಂಬಾ ಮಾಸಿದ ಅಕ್ಷರದಲ್ಲಿ ನಂಬರ್‌ಗಳು. ಏನಪ್ಪಾ ಇದು ಅಂದೆ. "ನ್ಯಾವ್‌ಟೆಕ್ಸ್ ಮಾವ, ಎಲ್ಲಿ ದೀಪ ಕೆಟ್ಟಿದೆ, ಎಲ್ಲಿ ಫೈರಿಂಗ್ ನಡೀತಿದೆ ಅಂತ ರೇಡಿಯೋದಲ್ಲಿ ಬರುತ್ತೆ, ಅದೇ ಪ್ರಿಂಟ್ ಆಗುತ್ತೆ, ನಾವು ಅದನ್ನ ಚಾರ್ಟ್ ಮೇಲೆ ಗುರ್ತು ಹಾಕ್ಕೊಂಡು ದಾರಿ ಬದಲಾಯಿಸ್ತೀವಿ" ಅಂದ. ಅವತ್ತು ರಾತ್ರಿ ಊಟ ಆದ್ಮೇಲೆ ಇಬ್ರೂ ಕೂತು ಒಂದು ಎಚ್ಚರಿಕೆಯನ್ನ ಲ್ಯಾಪ್‌ಟಾಪಲ್ಲಿ ನಕ್ಷೆಗೆ ಹಾಕಿದ್ವಿ, ಒಡಿಶಾ ಕರಾವಳಿಯಿಂದ ಶುರುವಾಗಿ ಬಂಗಾಳ ಕೊಲ್ಲಿ ಉದ್ದಕ್ಕೂ ಬೀಸಣಿಗೆ ಥರ ಬಿಚ್ಕೊಂಡ ಒಂದು ಆಕಾರ ಬಂತು, ಅದನ್ನ ನೋಡಿದ್ಮೇಲೆ ನಾನು ಬಿಡಲೇ ಇಲ್ಲ, ಅವತ್ತಿಂದ ನೋಟ್‌ಬುಕ್ ಇಟ್ಟಿದೀನಿ.

ಮೊದಲು, ಇದು ಯಾಕೆ ಬಹಿರಂಗವಾಗಿ ಸಿಗುತ್ತೆ

ಇದು ಕದ್ದ ಮಾಹಿತಿ ಏನಾದ್ರೂನಾ, ನೋಡಿದ್ರೆ ತೊಂದರೆ ಆಗುತ್ತಾ ಅಂತ ಕೆಲವರು ಕೇಳ್ತಾರೆ. ಅಲ್ಲ. ತೆರೆದ ಸಮುದ್ರ ಯಾರೊಬ್ಬರದ್ದೂ ಅಲ್ಲ, ಅಲ್ಲಿ ಎಲ್ಲ ದೇಶದ ಹಡಗು ಓಡಾಡುತ್ತೆ, ಮೇಲೆ ವಿಮಾನ ಹೋಗುತ್ತೆ, ಅವುಗಳ ತಲೆ ಮೇಲೆ ಏನಾದ್ರೂ ಬೀಳೋ ಹಾಗಿದ್ರೆ ಮುಂಚೆ ಹೇಳಲೇಬೇಕು. ಅದಕ್ಕೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ ಸೇರಿ ಪ್ರಪಂಚದ ಸಮುದ್ರಗಳನ್ನ 21 ವಲಯ ಮಾಡಿವೆ, ಒಂದೊಂದನ್ನ ನ್ಯಾವ್‌ಏರಿಯಾ ಅಂತಾರೆ. ನಮ್ಮ ಸುತ್ತಿನದ್ದು ನ್ಯಾವ್‌ಏರಿಯಾ 8, ಅದರ ಜವಾಬ್ದಾರಿ ಭಾರತದ್ದು, ಡೆಹ್ರಾಡೂನ್‌ನಲ್ಲಿರೋ ರಾಷ್ಟ್ರೀಯ ಜಲಮಾಪನ ಕಚೇರಿ ಅದನ್ನ ನೋಡ್ಕೊಳ್ಳುತ್ತೆ. ಪಾಕಿಸ್ತಾನದ್ದು 9, ಆಸ್ಟ್ರೇಲಿಯಾದ್ದು 10.

ಇದಲ್ಲದೆ ದೇಶಗಳ ನಡುವೆ ಬೇರೆ ಒಪ್ಪಂದಗಳೂ ಇವೆ. ಭಾರತ ಪಾಕಿಸ್ತಾನ 2005ರ ಅಕ್ಟೋಬರ್ 3ರಂದು ಒಂದು ಒಪ್ಪಂದಕ್ಕೆ ಸಹಿ ಹಾಕಿದಾವೆ, ನೆಲದಿಂದ ನೆಲಕ್ಕೆ ಹಾರೋ ಬ್ಯಾಲಿಸ್ಟಿಕ್ ಮಿಸೈಲ್ (ಎಸೆದ ಕಲ್ಲಿನ ಥರ ಮೇಲಕ್ಕೆ ಹೋಗಿ ದೂರಕ್ಕೆ ಬೀಳೋದು) ಪರೀಕ್ಷೆ ಮಾಡೋಕೆ ಮುಂಚೆ ಕನಿಷ್ಠ 3 ದಿನ ಇರುವಾಗಲೇ ಇನ್ನೊಬ್ಬರಿಗೆ ತಿಳಿಸ್ಬೇಕು, ಪರೀಕ್ಷೆ ನಡೆಯೋ ಅವಧಿ ಅಂತ 5 ದಿನ ಕೊಡಬಹುದು. ವಿಮಾನದ ಥರ ಹಾರ್ಕೊಂಡು ಹೋಗೋ ಕ್ರೂಸ್ ಮಿಸೈಲ್ ಇದರಲ್ಲಿ ಬರಲ್ಲ. ಒಬ್ಬರು ಪರೀಕ್ಷೆಗೆ ಹಾರಿಸಿದ್ದನ್ನ ಇನ್ನೊಬ್ಬರು ದಾಳಿ ಅಂದ್ಕೊಂಡ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ, ಈ ಎಚ್ಚರಿಕೆಗಳ ಬೆಲೆ ಆಗ ಗೊತ್ತಾಗುತ್ತೆ.

ಎಲ್ಲಿ ಹುಡುಕೋದು

ಮೂರು ಕಡೆ ನೋಡಿದ್ರೆ ಸಾಕು. ಒಂದು, ಜಲಮಾಪನ ಕಚೇರಿಯ ವೆಬ್‌ಸೈಟಲ್ಲಿ ನ್ಯಾವ್‌ಏರಿಯಾ 8ರ ಚಾಲ್ತಿಯಲ್ಲಿರೋ ಎಚ್ಚರಿಕೆಗಳು. ಎರಡು, ಅಮೆರಿಕದ ಎನ್‌ಜಿಎ ಸಂಸ್ಥೆಯ ಕಡಲ ಸುರಕ್ಷತೆ ಪುಟ, ಅಲ್ಲಿ ಹಿಂದೂ ಮಹಾಸಾಗರದ್ದು ಹೈಡ್ರೋಪ್ಯಾಕ್ ಅನ್ನೋ ಹೆಸರಲ್ಲಿ ಬರುತ್ತೆ, ಬರವಣಿಗೆ ಒಂದೇ ಅಚ್ಚಲ್ಲಿ ಇರೋದ್ರಿಂದ ಹೊಸಬರಿಗೆ ಓದೋಕೆ ಸುಲಭ. ಮೂರು, ವಿಮಾನಗಳಿಗೆ ಕೊಡೋ ನೋಟಮ್, ಇದನ್ನ ನಮ್ಮ ದೇಶದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊರಡಿಸುತ್ತೆ. ಹಡಗಿನ ಎಚ್ಚರಿಕೆ ಮತ್ತು ನೋಟಮ್ ಎರಡೂ ಒಂದೇ ಜಾಗ ಒಂದೇ ಹೊತ್ತು ಹೇಳಿದ್ರೆ ನಿಮ್ಮ ಲೆಕ್ಕಕ್ಕೆ ಬಲ ಬರುತ್ತೆ, ಒಂದೇ ಒಂದು ಇದ್ರೆ ಕಾಯಿರಿ.

ಯಾರೋ ಫಾರ್ವರ್ಡ್ ಮಾಡಿದ ನಕ್ಷೆ ಚಿತ್ರದಿಂದ ಮಾತ್ರ ಶುರು ಮಾಡಬೇಡಿ. ಮೂಲ ಬರಹ ಕಣ್ಣಲ್ಲಿ ನೋಡಿ, ನಂಬರ್ ಬರೆದ್ಕೊಳ್ಳಿ, ಆಮೇಲೆ ನಕ್ಷೆ.

ಬರಹ ಓದೋದು

ಅಭ್ಯಾಸಕ್ಕೆ ಅಂತ ನಾನೇ ಒಂದು ಎಚ್ಚರಿಕೆ ಕಟ್ಟಿದೀನಿ, ಇದು ನಿಜವಾದದ್ದಲ್ಲ, ಆದ್ರೆ ಅಚ್ಚು ಹೀಗೇ ಇರುತ್ತೆ:

"ಬೇ ಆಫ್ ಬೆಂಗಾಲ್. ಹಜಾರ್ಡಸ್ ಆಪರೇಷನ್ಸ್, 1130 ಟು 1530 ಯುಟಿಸಿ, ಡೈಲಿ 10 ಥ್ರೂ 12, ಇನ್ ಏರಿಯಾ ಬೌಂಡ್ ಬೈ 20-45ಎನ್ 087-05ಇ, 20-38ಎನ್ 087-22ಇ, 02-00ಎನ್ 091-00ಇ, 02-00ಎನ್ 088-00ಇ, 20-35ಎನ್ 087-03ಇ. ಕ್ಯಾನ್ಸಲ್ ದಿಸ್ ಮೆಸೇಜ್ 121630 ಝಡ್."

ಹಜಾರ್ಡಸ್ ಆಪರೇಷನ್ಸ್ ಅಂದ್ರೆ ಅಪಾಯದ ಕೆಲಸ ನಡೀತಿದೆ ಅಂತ, ಅಷ್ಟೇ. ಕೆಲವು ಸಲ ಅದರ ಮುಂದೆ ಮಿಸೈಲ್ಸ್ ಅಂತಲೋ ರಾಕೆಟ್ ಲಾಂಚಿಂಗ್ ಅಂತಲೋ ಗನ್ನರಿ ಅಂತಲೋ ಸ್ಪೇಸ್ ಡೆಬ್ರಿಸ್ ಅಂತಲೋ ಇರುತ್ತೆ, ಇದ್ರೆ ಅರ್ಧ ಕೆಲಸ ಮುಗಿದ ಹಾಗೆ, ಗನ್ನರಿ ಅಂದ್ರೆ ಹಡಗಿನ ಫಿರಂಗಿ ಅಭ್ಯಾಸ, ಸ್ಪೇಸ್ ಡೆಬ್ರಿಸ್ ಅಂದ್ರೆ ಆಕಾಶದಿಂದ ಬೀಳೋ ರಾಕೆಟ್ ಚೂರು. ಥ್ರೂ ಅಂದ್ರೆ ಕೊನೇ ತಾರೀಖೂ ಸೇರಿ, ಅಂದ್ರೆ 10, 11, 12 ಮೂರೂ ದಿನ. ಡೈಲಿ ಅಂದ್ರೆ ಪ್ರತಿ ದಿನ ಅದೇ ಹೊತ್ತಲ್ಲಿ ಜಾಗ ಮುಚ್ಚಿರುತ್ತೆ ಅಂತ, ಮೂರು ದಿನವೂ ಹಾರಿಸ್ತಾರೆ ಅಂತ ಅಲ್ಲ. ಬಹಳ ಜನ ಇಲ್ಲೇ ಎಡವೋದು, ಮೂರು ಪರೀಕ್ಷೆ ಅಂತ ಬರೆದುಬಿಡ್ತಾರೆ. ಗಾಳಿ, ಮೋಡ, ಯಂತ್ರದ ತೊಂದರೆ ಏನಾದ್ರೂ ಆದ್ರೆ ಇರಲಿ ಅಂತ ಎರಡು ಮೂರು ದಿನ ಹಿಡ್ಕೊಂಡಿರ್ತಾರೆ, ಮದುವೆಗೆ ಛತ್ರ ಮೂರು ದಿನಕ್ಕೆ ಬುಕ್ ಮಾಡಿದ್ರೂ ತಾಳಿ ಕಟ್ಟೋದು ಒಂದೇ ಮುಹೂರ್ತದಲ್ಲಿ ಅಲ್ವಾ, ಹಾಗೆ.

ಕೊನೇ ಸಾಲಲ್ಲಿರೋ ಕ್ಯಾನ್ಸಲ್ ಅನ್ನೋ ಪದ ನೋಡಿ ಪರೀಕ್ಷೆ ರದ್ದಾಯ್ತು ಅಂದ್ಕೊಳ್ಳೋರೂ ಇದಾರೆ. ಅದು ಹಾಗಲ್ಲ, 12ನೇ ತಾರೀಖು 1630ಕ್ಕೆ ಈ ಸಂದೇಶವನ್ನ ಪಟ್ಟಿಯಿಂದ ತೆಗೆದುಹಾಕಿ ಅಂತ ಹಡಗಿನವರಿಗೆ ಹೇಳೋದು ಅದು, ಹಾಲಿನ ಪ್ಯಾಕೆಟ್ ಮೇಲೆ ಕೊನೇ ದಿನ ಹಾಕಿರ್ತಾರಲ್ಲ ಆ ಥರ. ನಿಜವಾಗಿ ರದ್ದಾದ್ರೆ ಬೇರೆ ಸಂದೇಶ ಬರುತ್ತೆ, ಇಂಥ ನಂಬರಿನ ಎಚ್ಚರಿಕೆ ಕ್ಯಾನ್ಸಲ್ ಅಂತ.

ಹೊತ್ತಿನ ಲೆಕ್ಕ, ಇಲ್ಲಿ ನಾನು ತಪ್ಪು ಮಾಡಿದ್ದೆ

ಎಲ್ಲ ಎಚ್ಚರಿಕೆಯೂ ಯುಟಿಸಿ, ಅಂದ್ರೆ ಇಡೀ ಪ್ರಪಂಚಕ್ಕೆ ಒಂದೇ ಅಂತ ಇಟ್ಟಿರೋ ಸಮಯದಲ್ಲಿ ಇರುತ್ತೆ, ಕೊನೆಗೆ ಝಡ್ ಅಂತ ಇದ್ರೂ ಅದೇ ಅರ್ಥ. ನಮ್ಮ ಗಡಿಯಾರಕ್ಕೆ ತರೋಕೆ ಐದೂವರೆ ಗಂಟೆ ಕೂಡಿಸ್ಬೇಕು. ಮೇಲಿನ ಉದಾಹರಣೆಯಲ್ಲಿ 1130 ಅಂದ್ರೆ ನಮಗೆ ಸಂಜೆ 5, 1530 ಅಂದ್ರೆ ರಾತ್ರಿ 9. ಇದು ಸುಲಭ. ಕಷ್ಟ ಬರೋದು ರಾತ್ರಿ ಹೊತ್ತಿನದ್ದು. 1830 ಯುಟಿಸಿ ಅಂದ್ರೆ ನಮಗೆ ಸರಿಯಾಗಿ ಮಧ್ಯರಾತ್ರಿ, ಅದಾದ್ಮೇಲಿಂದೆಲ್ಲ ತಾರೀಖೇ ಬದಲಾಗುತ್ತೆ. 14ನೇ ತಾರೀಖು 2000 ಅಂತ ಇದ್ರೆ ನಮಗದು 15ನೇ ತಾರೀಖು ಬೆಳಗಿನ ಜಾವ ಒಂದೂವರೆ.

ಒಂದು ಸಲ ನಾನು ಗಂಟೆ ಕೂಡಿಸಿ ತಾರೀಖು ಬದಲಾಯಿಸೋದು ಮರೆತೆ. ಪಕ್ಕದ ಮನೆ ಪಿಯುಸಿ ಹುಡುಗ್ರು ಇಬ್ರು ನನ್ನ ಮಾತು ನಂಬ್ಕೊಂಡು ಒಂದು ದಿನ ಮುಂಚೆ ನಿದ್ದೆಗೆಟ್ಟು ಸುದ್ದಿಗೆ ಕಾದ್ರು, ಮಾರನೇ ದಿನ ಅವರಿಗೆ ಟೆಸ್ಟ್ ಇತ್ತು. ನನಗೆ ಅದು ಬಹಳ ಬೇಜಾರಾಯ್ತು, ಅವರ ತಾಯಿ ಹತ್ರ ಹೋಗಿ ಕ್ಷಮೆ ಕೇಳಿದೆ. ಅವತ್ತಿಂದ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿದೀನಿ, ಎಡಗಡೆ ಯುಟಿಸಿ ತಾರೀಖು ಸಮೇತ, ಬಲಗಡೆ ನಮ್ಮ ಸಮಯ ತಾರೀಖು ಸಮೇತ, ಎರಡೂ ಬರೀದೆ ಯಾರಿಗೂ ಹೇಳಲ್ಲ. ನೀವೂ ಹಾಗೇ ಮಾಡಿ.

ಇನ್ನೊಂದು ಗುಂಡಿ ಇದೆ. ಹಡಗಿನ ಸಂದೇಶದಲ್ಲಿ ದಿನ ಮೊದಲು ಬರುತ್ತೆ, 121630 ಅಂದ್ರೆ 12ನೇ ತಾರೀಖು 16 ಗಂಟೆ 30 ನಿಮಿಷ. ನೋಟಮ್‌ನಲ್ಲಿ ವರ್ಷ ಮೊದಲು, 2510111230 ಅಂತ ಇದ್ರೆ 2025ರ ಅಕ್ಟೋಬರ್ 11, 12 ಗಂಟೆ 30 ನಿಮಿಷ. ಇದನ್ನ 25ನೇ ತಾರೀಖು ಅಕ್ಟೋಬರ್ ಅಂತ ಓದಿದ್ರೆ ಎರಡು ವಾರದ ತಪ್ಪು.

ನಕ್ಷೆ ಮೇಲೆ ಇಡೋದು

ಗೂಗಲ್ ಅರ್ಥ್ ಸಾಕು, ಬೇರೆ ಏನೂ ಬೇಡ. ಆದ್ರೆ 20-45ಎನ್ ಅನ್ನೋದನ್ನ 20.45 ಅಂತ ಟೈಪ್ ಮಾಡಬೇಡಿ. ಎನ್ ಅಂದ್ರೆ ಉತ್ತರ, ಇ ಅಂದ್ರೆ ಪೂರ್ವ, ಅದು 20 ಡಿಗ್ರಿ 45 ನಿಮಿಷ, ಒಂದು ಡಿಗ್ರಿಗೆ 60 ನಿಮಿಷ ಆದ್ದರಿಂದ 45ನ್ನ 60ರಿಂದ ಭಾಗಿಸ್ಬೇಕು, 20.75 ಬರುತ್ತೆ. 20.45 ಅಂತ ಹಾಕಿದ್ರೆ ನಿಮ್ಮ ಗುರ್ತು ಸುಮಾರು 33 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತೆ, ಮಂಡ್ಯ ಅಂತ ಹಾಕಿ ಶ್ರೀರಂಗಪಟ್ಟಣ ದಾಟಿ ಹೋದ ಹಾಗೆ. ಶುರುವಿನ ಜಾಗ ಯಾವುದು ಅನ್ನೋದೇ ನಮಗೆ ಮುಖ್ಯ ಸುಳಿವು ಆದ್ದರಿಂದ ಈ ತಪ್ಪು ಇಡೀ ಲೆಕ್ಕ ಕೆಡಿಸುತ್ತೆ. ಅದಕ್ಕೇ ನಾನು ಒಂದೊಂದು ಬಿಂದುವನ್ನೂ ಮೊದಲು ಪೆನ್ನಲ್ಲಿ ಬರೆದು, ಭಾಗಿಸಿ, ಪಕ್ಕದಲ್ಲಿ ದಶಮಾಂಶ ಬರೆದು, ಆಮೇಲೆ ನಕ್ಷೆಗೆ ಹಾಕ್ತೀನಿ. ಬಿಂದುಗಳನ್ನ ಕೊಟ್ಟಿರೋ ಕ್ರಮದಲ್ಲೇ ಜೋಡಿಸಿ, ಕೊನೇದನ್ನ ಮೊದಲನೇದಕ್ಕೆ ಸೇರ್ಸಿ, ಹೀಗೆ ಮುಚ್ಚಿದ ಆಕಾರಕ್ಕೇ ನಾನು ಪೆಟ್ಟಿಗೆ ಅನ್ನೋದು.

ಉದ್ದ ಅಳೆಯೋಕೆ ರೂಲರ್ ಟೂಲ್ ಇದೆ, ಆದ್ರೂ ಕೈ ಲೆಕ್ಕ ಗೊತ್ತಿದ್ರೆ ಒಳ್ಳೇದು. ಅಕ್ಷಾಂಶದ ಒಂದು ನಿಮಿಷ ಅಂದ್ರೆ ಒಂದು ನಾಟಿಕಲ್ ಮೈಲಿ, ಅಂದ್ರೆ 1.852 ಕಿಲೋಮೀಟರ್. ನಮ್ಮ ಉದಾಹರಣೆಯಲ್ಲಿ 20-45ರಿಂದ 02-00ವರೆಗೆ 18 ಡಿಗ್ರಿ 45 ನಿಮಿಷ, ಅಂದ್ರೆ 1125 ನಿಮಿಷ, 1125 ನಾಟಿಕಲ್ ಮೈಲಿ, ಕಿಲೋಮೀಟರಲ್ಲಿ ಸುಮಾರು 2,083. ಸ್ವಲ್ಪ ಪೂರ್ವಕ್ಕೂ ವಾಲಿರೋದ್ರಿಂದ 2,100 ಅಂತ ಇಟ್ಕೊಳ್ಳಿ. ರೇಖಾಂಶಕ್ಕೆ ಈ ಲೆಕ್ಕ ನೇರವಾಗಿ ಹಾಕಬೇಡಿ, ಧ್ರುವದ ಕಡೆ ಹೋದ ಹಾಗೆ ರೇಖಾಂಶಗಳು ಹತ್ರ ಆಗ್ತಾ ಹೋಗ್ತಾವೆ. ಭೂಮಧ್ಯರೇಖೆ ಹತ್ರ ಮಾತ್ರ ಎರಡೂ ಒಂದೇ ಅನ್ನಬಹುದು, ಹಾಗಾಗಿ ನಮ್ಮ ಪೆಟ್ಟಿಗೆಯ ದಕ್ಷಿಣ ತುದಿಯ ಅಗಲ 3 ಡಿಗ್ರಿ ಅಂದ್ರೆ ಸುಮಾರು 330 ಕಿಲೋಮೀಟರ್.

ಈಗ ಆಕಾರ ಮಾತಾಡುತ್ತೆ

ಮೊದಲು ಪೆಟ್ಟಿಗೆ ಎಲ್ಲಿಂದ ಶುರುವಾಗಿದೆ ನೋಡಿ. 20-45 ಉತ್ತರ, 087-05 ಪೂರ್ವದ ಆಸುಪಾಸು ಆದ್ರೆ ಮಿಸೈಲ್ ಪರೀಕ್ಷೆ ನಡೆಯೋ ಒಡಿಶಾದ ಭದ್ರಕ್ ಜಿಲ್ಲೆಯ ಅಬ್ದುಲ್ ಕಲಾಂ ದ್ವೀಪ, ಮುಂಚೆ ವೀಲರ್ ದ್ವೀಪ ಅಂತಿದ್ರು, 2015ರಲ್ಲಿ ಹೆಸರು ಬದಲಾಯ್ತು. ಅಲ್ಲಿಂದ ಉತ್ತರಕ್ಕೆ 21 ಡಿಗ್ರಿ ದಾಟಿ ಬಾಲಸೋರ್ ಹತ್ರ ಆದ್ರೆ ಚಾಂದಿಪುರ, ಅದೂ ಪರೀಕ್ಷೆ ಜಾಗವೇ. ಆಂಧ್ರದ ಕಡೆ ವಿಶಾಖಪಟ್ಟಣದ ಆಚೆ, ನೆಲಕ್ಕೆ ತಾಗದೆ ಸಮುದ್ರದೊಳಗೇ ಶುರುವಾಗಿದ್ರೆ ಜಲಾಂತರ್ಗಾಮಿಯಿಂದ ಇರಬಹುದು ಅಂತ ಒಂದು ಸಾಧ್ಯತೆ ಬರ್ಕೊಳ್ಳಿ. 13-43 ಉತ್ತರ 080-14 ಪೂರ್ವ ಆದ್ರೆ ಅದು ಶ್ರೀಹರಿಕೋಟಾ, ಮಿಸೈಲ್ ಅಲ್ಲ, ಇಸ್ರೋ ಏನು ಘೋಷಿಸಿದೆ ನೋಡಿ.

ಇಸ್ರೋದ್ದು ಆಕಾರದಲ್ಲೂ ಬೇರೆ. ರಾಕೆಟ್ ಹಂತ ಹಂತವಾಗಿ ಕಳಚಿ ಬೀಳುತ್ತಲ್ಲ, ಎಲ್ಲೆಲ್ಲಿ ಬೀಳುತ್ತೋ ಅಲ್ಲಲ್ಲಿ ಒಂದೊಂದು ಪ್ರತ್ಯೇಕ ಪೆಟ್ಟಿಗೆ, ನಡುವೆ ಖಾಲಿ ಸಮುದ್ರ, ನದಿ ದಾಟೋಕೆ ಇಟ್ಟ ಕಲ್ಲುಗಳ ಥರ ಕಾಣುತ್ತೆ. ನಮ್ಮ ದೂರದ ಬ್ಯಾಲಿಸ್ಟಿಕ್ ಮಿಸೈಲ್ ಪರೀಕ್ಷೆಗೆ ಬಹಳ ಸಲ ದಡದಿಂದ ಕೊನೇವರೆಗೆ ಒಂದೇ ಉದ್ದನೆಯ ಪಟ್ಟಿ, ಶುರುವಲ್ಲಿ ಕಿರಿದು, ಹೋಗ್ತಾ ಹೋಗ್ತಾ ಅಗಲ. ದಿಕ್ಕು ಒಂದು ಡಿಗ್ರಿ ಆಚೀಚೆ ಆದ್ರೂ ದೂರ ಹೋದಷ್ಟೂ ಬೀಳೋ ಜಾಗ ದೂರ ದೂರ ಸರಿಯುತ್ತೆ, ಅದಕ್ಕೇ ಬೀಸಣಿಗೆ ಆಕಾರ.

ಇನ್ನು ಉದ್ದ. ನಮ್ಮ ಮಿಸೈಲ್‌ಗಳ ಪ್ರಕಟಿತ ವ್ಯಾಪ್ತಿ, ಅಂದ್ರೆ ಎಷ್ಟು ದೂರ ಹಾರುತ್ತೆ ಅನ್ನೋದು, ಇದು: ಪೃಥ್ವಿ-2 ಸುಮಾರು 350 ಕಿಲೋಮೀಟರ್, ಪ್ರಳಯ್ 150ರಿಂದ 500, ಅಗ್ನಿ-1 ಸುಮಾರು 700, ಅಗ್ನಿ-ಪ್ರೈಮ್ 1,000ದಿಂದ 2,000, ಅಗ್ನಿ-2 ಎರಡು ಸಾವಿರ ದಾಟುತ್ತೆ, ಅಗ್ನಿ-3 ಮೂರು ಸಾವಿರ ದಾಟುತ್ತೆ, ಜಲಾಂತರ್ಗಾಮಿಯ ಕೆ-4 ಸುಮಾರು 3,500, ಅಗ್ನಿ-4 ಸುಮಾರು 4,000, ಅಗ್ನಿ-5 ಐದು ಸಾವಿರ ದಾಟುತ್ತೆ. ನಮ್ಮ 2,100 ಕಿಲೋಮೀಟರಿನ ಪೆಟ್ಟಿಗೆ ನೋಡಿದ ತಕ್ಷಣ ಅಗ್ನಿ-2 ಅಂತ ಹೇಳ್ಬೇಕು ಅನ್ಸುತ್ತೆ. ತಡೀರಿ. ಬೀಳೋ ಜಾಗದ ಆಚೆಗೂ ಸುರಕ್ಷತೆಗೆ ಅಂತ ಜಾಗ ಬಿಟ್ಟಿರ್ತಾರೆ, ಹಾಗಾಗಿ ನಿಜವಾಗಿ ಹಾರೋ ದೂರ ಪೆಟ್ಟಿಗೆಗಿಂತ ಕಮ್ಮಿ, ಅಗ್ನಿ-ಪ್ರೈಮ್ ಆಗಿರಬಹುದು. ದೊಡ್ಡ ಮಿಸೈಲನ್ನ ಕಡಿಮೆ ದೂರಕ್ಕೂ ಹಾರಿಸಬಹುದು, ಆಗ ಅಗ್ನಿ-3 ಕೂಡ ಲೆಕ್ಕಕ್ಕೆ ಬರುತ್ತೆ. ಅಂದ್ರೆ ಉದ್ದದಿಂದ ಏನು ಗೊತ್ತಾಗುತ್ತೆ? 350 ಕಿಲೋಮೀಟರಿನ ಪೃಥ್ವಿಗೆ ಇಷ್ಟು ದೊಡ್ಡ ಜಾಗ ಬೇಕಾಗಿಲ್ಲ, ಇಲ್ಲಿ ಅಗ್ನಿ-5 ಪೂರ್ತಿ ದೂರ ಹಾರಲ್ಲ. ಹೀಗೆ ಆಗದೇ ಇರೋದನ್ನ ಒಂದೊಂದಾಗಿ ಹೊಡೆದುಹಾಕೋದೇ ಈ ವಿದ್ಯೆ, ಉಳಿದದ್ದು ಎರಡೋ ಮೂರೋ ಇದ್ರೆ ಎರಡೋ ಮೂರೋ ಅಂತಲೇ ಹೇಳಿ.

2019ರ ಮಾರ್ಚ್ 27ರ ಮಿಷನ್ ಶಕ್ತಿ ನೆನಪಿಸ್ಕೊಳ್ಳಿ, ಅದೂ ಅದೇ ದ್ವೀಪದಿಂದ ಹಾರಿದ್ದು, ಗುರಿ ಸಮುದ್ರ ಅಲ್ಲ, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ನಮ್ಮದೇ ಉಪಗ್ರಹ. 2024ರ ಮಾರ್ಚ್ 11ರ ಮಿಷನ್ ದಿವ್ಯಾಸ್ತ್ರದಲ್ಲಿ ಅಗ್ನಿ-5 ಒಂದೇ ಮಿಸೈಲಲ್ಲಿ ಹಲವು ಸಿಡಿತಲೆ ಹೊತ್ತು ಹಾರ್ತು, ಅದು ದೇಶಕ್ಕೆ ಗೊತ್ತಾಗಿದ್ದು ಪ್ರಧಾನಿ ಹೇಳಿದ್ಮೇಲೆ. ಚಪ್ಪಟೆ ನಕ್ಷೆ ಮೇಲಿನ ಐದು ಬಿಂದು ಇಟ್ಕೊಂಡು ಎತ್ತರವನ್ನೂ ಸಿಡಿತಲೆಯನ್ನೂ ಹೇಳೋಕೆ ಹೋಗಬಾರದು.

ನೋಟಮ್ ಜೊತೆ ತಾಳೆ ಹಾಕೋದು

ನೋಟಮ್‌ನಲ್ಲಿ ಸಾಲುಗಳಿಗೆ ಇಂಗ್ಲಿಷ್ ಅಕ್ಷರ ಇರುತ್ತೆ. ಎ ಅಂದ್ರೆ ಯಾವ ವಾಯುವಲಯ, ಬಿ ಶುರು, ಸಿ ಕೊನೆ, ಡಿ ದಿನದ ವೇಳಾಪಟ್ಟಿ, ಇ ವಿವರ, ಎಫ್ ಮತ್ತು ಜಿ ಕೆಳಗಿನ ಮೇಲಿನ ಎತ್ತರ. ವಾಯುವಲಯ ವಿಇಸಿಎಫ್ ಇದ್ರೆ ಕೋಲ್ಕತ್ತಾ, ವಿಒಎಮ್‌ಎಫ್ ಇದ್ರೆ ಚೆನ್ನೈ, ವಿಎಬಿಎಫ್ ಇದ್ರೆ ಮುಂಬೈ. ನನ್ನ ಕಣ್ಣು ಮೊದಲು ಹೋಗೋದು ಎಫ್ ಮತ್ತು ಜಿ ಮೇಲೆ. ಕೆಳಗೆ ಎಸ್‌ಎಫ್‌ಸಿ, ಮೇಲೆ ಯುಎನ್‌ಎಲ್ ಅಂತಿದ್ರೆ ಸಮುದ್ರದ ಮಟ್ಟದಿಂದ ಮಿತಿ ಇಲ್ಲದ ಎತ್ತರದವರೆಗೆ ಅಂತ, ಬ್ಯಾಲಿಸ್ಟಿಕ್ ಮಿಸೈಲ್ ವಾತಾವರಣ ದಾಟಿ ಹೋಗಿ ಬರೋದ್ರಿಂದ ಅದಕ್ಕೆ ಹೀಗೆ ಬೇಕಾಗುತ್ತೆ. ಮೇಲಿನ ಮಿತಿ ಎಫ್‌ಎಲ್ 300 ಥರ ಇದ್ರೆ ಅದು 30,000 ಅಡಿ, ಆಗ ಬೇರೆ ಏನೋ ಇರಬಹುದು, ಹಡಗಿನ ಫೈರಿಂಗೋ ವಿಮಾನಗಳ ಅಭ್ಯಾಸವೋ.

ನೋಟಮ್ ಹೆಸರಿನ ಕೊನೇ ಅಕ್ಷರವೂ ನೋಡಿ. ಎನ್ ಇದ್ರೆ ಹೊಸದು, ಆರ್ ಇದ್ರೆ ಹಳೇದನ್ನ ಬದಲಾಯಿಸಿದ್ದು, ಸಿ ಇದ್ರೆ ರದ್ದು. ಆರ್ ಬಂದಾಗ ಹಳೇ ನಕ್ಷೆ ಅಳಿಸಬೇಡಿ, ಎರಡನ್ನೂ ಮೇಲೆ ಮೇಲೆ ಇಟ್ಟು ನೋಡಿ, ತಾರೀಖು ಮಾತ್ರ ಸರಿದಿದೆಯೋ ಉದ್ದವೇ ಬೆಳೆದಿದೆಯೋ ಅಂತ. ಉದ್ದ ಬೆಳೆದಿದ್ರೆ ನೀವು ಹೊಡೆದುಹಾಕಿದ ಹೆಸರುಗಳನ್ನ ಮತ್ತೆ ಮೊದಲಿಂದ ಲೆಕ್ಕ ಮಾಡ್ಬೇಕು.

ಪೆಟ್ಟಿಗೆ ಬಹಳ ದೂರ ದಕ್ಷಿಣಕ್ಕೆ ಹೋದ್ರೆ ಬೇರೆ ದೇಶಗಳ ವಾಯುವಲಯಕ್ಕೂ ನುಗ್ಗುತ್ತೆ, ಅವರ ನೋಟಮ್ ಬಂದಿದೆಯಾ ಅಂತಲೂ ನೋಡಬಹುದು.

ಮಾಮೂಲಿ ಯಾವುದು, ವಿಶೇಷ ಯಾವುದು

ಇದಕ್ಕೆ ಅಡ್ಡದಾರಿ ಇಲ್ಲ, ಎರಡು ಮೂರು ತಿಂಗಳು ದಿನಾ ನೋಡ್ಬೇಕು. ಕೊಚ್ಚಿ, ಗೋವಾ, ಕಾರವಾರ, ವಿಶಾಖಪಟ್ಟಣದ ಆಚೆ ನೌಕಾಪಡೆಯ ಫೈರಿಂಗ್ ಅಭ್ಯಾಸ ನಡೀತಾನೇ ಇರುತ್ತೆ, ಚೌಕ ಪೆಟ್ಟಿಗೆ, ಚಿಕ್ಕದು, ಬಹಳ ಸಲ ಹಳೇ ಬಿಂದುಗಳೇ ಮತ್ತೆ ಬರ್ತಾವೆ. ಅದನ್ನ ನೋಡಿ ಅರಬ್ಬೀ ಸಮುದ್ರದಲ್ಲಿ ಯುದ್ಧ ಶುರುವಾಗುತ್ತೆ ಅಂತ ಹೇಳಿದ್ರೆ ಮಲ್ಪೆ, ಮಂಗಳೂರು ಕಡೆ ಮೀನುಗಾರರ ಮನೆಯವರಿಗೆ ಎಷ್ಟು ಗಾಬರಿ ಆಗುತ್ತೆ ಯೋಚನೆ ಮಾಡಿ. ಕಟ್ಟೆ ಮಟ್ಟ ದಿನಾ ನೋಡೋನಿಗೆ ಮಾತ್ರ ಇವತ್ತಿನ ಒಳಹರಿವು ಜಾಸ್ತಿಯೋ ಮಾಮೂಲಿಯೋ ಗೊತ್ತಾಗೋದು, ಇಲ್ಲೂ ಅಷ್ಟೇ.

ನೆಲದ ಮೇಲಿನ ಸುದ್ದಿಯೂ ಸಹಾಯ ಮಾಡುತ್ತೆ, ಪತ್ರಿಕೆಯಲ್ಲಿ ಬಂದದ್ದು ಮಾತ್ರ. 2024ರ ಜುಲೈ 24ರಂದು ಚಾಂದಿಪುರದಲ್ಲಿ ಕ್ಷಿಪಣಿ ಹೊಡೆದುರುಳಿಸೋ ಎಡಿ-1 ಪರೀಕ್ಷೆ ಆದಾಗ ಅಲ್ಲಿನ ಜಿಲ್ಲಾಡಳಿತ ಸುತ್ತಲಿನ 10 ಹಳ್ಳಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನ ತಾತ್ಕಾಲಿಕವಾಗಿ ಬೇರೆ ಕಡೆ ಕಳಿಸ್ತು, ಅದು ಮುಂಚೆನೇ ಸುದ್ದಿಯಾಗಿತ್ತು. ದನ ಕರು ಬಿಟ್ಟು, ಮಕ್ಕಳನ್ನ ಎತ್ಕೊಂಡು, ಊಟದ ಹೊತ್ತಿಗೆ ಶಾಲೆ ಕಟ್ಟಡದಲ್ಲಿ ಕೂರೋ ಆ ಜನರ ಪಾಡು ನಮ್ಮ ಹೊಳೆ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು, ನಾವು ನೋಡೋದನ್ನ ಬೇರೆ ದೇಶಗಳೂ ನೋಡ್ತಾವೆ. ಮಿಸೈಲ್ ಮತ್ತು ಉಪಗ್ರಹಗಳ ಜಾಡು ಹಿಡಿಯೋ ಚೀನಾದ ಯುವಾನ್ ವಾಂಗ್-5 ಹಡಗು 2022ರ ಆಗಸ್ಟ್‌ನಲ್ಲಿ ಶ್ರೀಲಂಕಾದ ಹಂಬಂತೋಟಕ್ಕೆ ಬಂದಿತ್ತು, ಅದೇ ವರ್ಷ ಡಿಸೆಂಬರಲ್ಲಿ ಮತ್ತೆ ಹಿಂದೂ ಮಹಾಸಾಗರಕ್ಕೆ ಬಂತು, ಡಿಸೆಂಬರ್ 15ರಂದು ನಾವು ಅಗ್ನಿ-5 ಹಾರಿಸಿದ್ವಿ. ಆ ಸಂಜೆ ಒಡಿಶಾ, ಬಂಗಾಳದ ಜನ ಆಕಾಶದಲ್ಲಿ ಬೆಳಕಿನ ಗೆರೆ ನೋಡಿ ಏನಿದು ಅಂತ ಬೆರಗಾಗಿ ಫೋಟೋ ತೆಗೆದ್ರು. ನೆಲದ ಮೇಲೆ ಕತ್ತಲಾಗಿದ್ರೂ ಮೇಲೆ ಬಹಳ ಎತ್ತರದಲ್ಲಿ ಬಿಸಿಲಿರುತ್ತೆ, ಹೊಗೆ ಆ ಬಿಸಿಲಲ್ಲಿ ಹೊಳೆಯುತ್ತೆ, ಅದಕ್ಕೇ ಸಂಜೆ ಹೊತ್ತಿನ ಅವಧಿ ಇದ್ರೆ ಆ ಕಡೆ ಇರೋ ಪರಿಚಯದವರಿಗೆ ಆಕಾಶ ನೋಡಿ ಅಂತ ಹೇಳಬಹುದು. ಮಂಡ್ಯದಿಂದ ಕಾಣೋ ಆಸೆ ಇಟ್ಕೋಬೇಡಿ, ಅಷ್ಟು ದೂರದ್ದು.

ಬೇರೆಯವರಿಗೆ ಹೇಳುವಾಗ

"ನಾಳೆ ಸಂಜೆ ಅಗ್ನಿ ಹಾರಿಸ್ತಾರೆ" ಅಂತ ಬರೀಬೇಡಿ. "10ರಿಂದ 12ರವರೆಗೆ ಸಂಜೆ 5ರಿಂದ 9 ಗಂಟೆ ನಡುವೆ ಬಂಗಾಳ ಕೊಲ್ಲಿಯಲ್ಲಿ ಸುಮಾರು 2,100 ಕಿಲೋಮೀಟರ್ ಉದ್ದದ ಜಾಗಕ್ಕೆ ಎಚ್ಚರಿಕೆ ಕೊಟ್ಟಿದಾರೆ, ಅಬ್ದುಲ್ ಕಲಾಂ ದ್ವೀಪದ ಹತ್ತಿರದಿಂದ ಶುರು, ಮಿಸೈಲ್ ಪರೀಕ್ಷೆ ಇರಬಹುದು" ಅಂತ ಬರೀರಿ. ಮೊದಲ ಭಾಗ ಕಂಡದ್ದು, ಕೊನೇದು ಊಹೆ, ಓದೋರಿಗೆ ಎರಡೂ ಬೇರೆ ಬೇರೆ ಕಾಣಬೇಕು. ಎಚ್ಚರಿಕೆ ನಂಬರ್ ಜೊತೆಗಿಡಿ, ಯಾರಾದ್ರೂ ಪರೀಕ್ಷಿಸಿ ನೋಡಬಹುದು.

ಇನ್ನು ನಾನು ಖಂಡಿತವಾಗಿ ಬೇಡ ಅನ್ನೋದು ಒಂದಿದೆ. ಪ್ರಕಟವಾದ ಎಚ್ಚರಿಕೆ ನೋಡೋದು ಬೇರೆ, ರಕ್ಷಣಾ ಜಾಗಗಳ ಫೋಟೋ ತೆಗೆಯೋದು, ಹೆದ್ದಾರಿಯಲ್ಲಿ ಹೋಗೋ ಸೇನಾ ಲಾರಿ ಸಾಲು, ರೈಲಿನಲ್ಲಿ ಮುಚ್ಚಿಟ್ಟು ಒಯ್ಯೋ ಸಾಮಾನು, ನೌಕಾನೆಲೆಯಿಂದ ಯಾವ ಹಡಗು ಯಾವಾಗ ಹೊರಟಿತು ಇವನ್ನೆಲ್ಲ ಹಂಚೋದು ಬೇರೆಯೇ. ನಿಮ್ಮ ಊರಿನ ಹುಡುಗ ಸೈನ್ಯದಲ್ಲಿದ್ದು ಮನೆಗೆ ಫೋನ್ ಮಾಡಿದಾಗ ಏನಾದ್ರೂ ಬಾಯ್ಬಿಟ್ಟಿದ್ರೆ ಅದನ್ನ ನಿಮ್ಮ ಲೆಕ್ಕಕ್ಕೆ ಸೇರಿಸಲೇಬೇಡಿ. ನಮ್ಮ ಜಿಲ್ಲೆಯಲ್ಲಿ ಸೈನ್ಯಕ್ಕೆ ಮಕ್ಕಳನ್ನ ಕಳಿಸಿದ ಮನೆಗಳು ಎಷ್ಟೋ ಇವೆ, ಅವರ ಜೀವದ ಪ್ರಶ್ನೆ ಇದು, ಅಧಿಕೃತ ರಹಸ್ಯಗಳ ಕಾಯ್ದೆ 1923ರಿಂದ ಇದೆ ಅನ್ನೋದು ಆಮೇಲಿನ ಮಾತು. ಗಡಿಯಲ್ಲಿ ಬಿಸಿ ಇರೋ ದಿನಗಳಲ್ಲಿ ನಾನು ನೋಟ್‌ಬುಕ್‌ನಲ್ಲಿ ಮಾತ್ರ ಬರ್ಕೊಳ್ತೀನಿ, ಯಾರಿಗೂ ಕಳಿಸಲ್ಲ.

ಅವಧಿ ಮುಗಿದ ಮೇಲೆ

ಪರೀಕ್ಷೆ ಆದ್ರೆ ಬಹಳ ಸಲ ರಕ್ಷಣಾ ಸಚಿವಾಲಯ ಇಲ್ಲಾ ಡಿಆರ್‌ಡಿಒ ಕಡೆಯಿಂದ ಪ್ರಕಟಣೆ ಬರುತ್ತೆ, ಅದರಲ್ಲಿ ಮಿಸೈಲ್ ಹೆಸರು, ಜಾಗ ಇರುತ್ತೆ. ನಿಮ್ಮ ಪಟ್ಟಿಯಲ್ಲಿ ಉಳಿದಿದ್ದ ಹೆಸರುಗಳ ಜೊತೆ ಹೋಲಿಸಿ, ತಪ್ಪಿದ್ರೆ ಯಾವ ಹೆಜ್ಜೆಯಲ್ಲಿ ತಪ್ಪಿತು ಅಂತ ಅಲ್ಲೇ ಬರೀರಿ, ಶುರುವಿನ ಬಿಂದು ತಪ್ಪು ಓದಿದ್ನಾ, ಸುರಕ್ಷತೆಗೆ ಬಿಟ್ಟ ಜಾಗ ಮರೆತ್ನಾ ಅಂತ. ಪ್ರಕಟಣೆ ಬರದೇ ಇದ್ರೆ ಪರೀಕ್ಷೆ ಆಗ್ಲಿಲ್ಲ ಅಂತಲೂ ಬರೀಬೇಡಿ, ವಿಫಲ ಆಯ್ತು ಅಂತಲೂ ಬರೀಬೇಡಿ, "ಅವಧಿ ಮುಗೀತು, ಪ್ರಕಟಣೆ ಇಲ್ಲ" ಅಂತ ಬರೆದು ಆ ಸಾಲಿನ ಮುಂದೆ ಜಾಗ ಖಾಲಿ ಬಿಡಿ. ಹಡಗಿನಿಂದ ವಾಪಸ್ ಬಂದಾಗ ನಮ್ಮಕ್ಕನ ಮಗ ಮೊದಲು ಕೇಳೋದೇ ಆ ಪುಸ್ತಕ, ಅವನು ದಾರಿ ಬದಲಾಯಿಸಿದ ತಾರೀಖುಗಳನ್ನ ನನ್ನ ಪೆಟ್ಟಿಗೆಗಳ ಪಕ್ಕದಲ್ಲಿ ಪೆನ್ಸಿಲಲ್ಲಿ ಬರೀತಾನೆ, ಖಾಲಿ ಬಿಟ್ಟ ಸಾಲುಗಳು ಇನ್ನೂ ಏಳು ಇವೆ.